ಚಪ್ಪಲಿ ಬಿಡುವಷ್ಟು ಹೊತ್ತು

ಭಾನುವಾರ ಬೆಳಗ್ಗೆ,
ಅಡುಗೆಮನೆಯ ಮೇಜಿನಿಂದ

ನನ್ನ ಪ್ರೀತಿಯ ಜಗಳಗಂಟನಿಗೆ,

ಚೆನ್ನಾಗಿದ್ದೀಯೆಂದು ಗೊತ್ತು. ನಿನ್ನ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ನೀನು ಉಂಡದ್ದು, ಮಲಗಿದ್ದು, ಕೆಮ್ಮಿದ್ದು ಎಲ್ಲದರ ವರದಿ ಒಪ್ಪಿಸುತ್ತಾರೆ. ಭಾವನ ಬಣ್ಣದ ಅಂಗಡಿಯಲ್ಲಿ ನೀನು ಕಲಸಿಕೊಟ್ಟ ಹಸಿರು ಯಾರಿಗೋ ಹಿಡಿಸದೆ ಡಬ್ಬಿ ವಾಪಸ್ ಬಂತಂತೆ. ಕೇಳಿ ನಗು ಬಂತು, ಆಮೇಲೆ ಪಾಪ ಅನಿಸಿತು, ಆಮೇಲೆ ಮತ್ತೆ ನಗು ಬಂತು.

ಫೋನ್ ಇರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾವು ಮಾತಾಡುವ ಚೆಂದ ನಿನಗೇ ಗೊತ್ತಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಉತ್ತರ ಕೊಟ್ಟಿರುತ್ತೀಯ, ನಾನು ಕೇಳದೇ ಇದ್ದ ಪ್ರಶ್ನೆಗೆ. ಕೊನೆಗೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದದ ಮೇಲೆ ನೀನು ಅಡ್ಡಬಾಯಿ ಹಾಕುವಂತಿಲ್ಲ, ಪೂರ್ತಿ ಓದಲೇಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಿನ್ನನ್ನು ವಾಪಸ್ ಕರೆಯಲು ಬರೆದ ಪತ್ರವಲ್ಲ. ನಿನ್ನೆ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ, ಅಷ್ಟೆ.

ಅದಕ್ಕೂ ಮುಂಚೆ ಬ್ಯಾಂಡಿನ ಸಮಾಚಾರ. ಬ್ಯಾಂಡ್ ಎಂದರೆ ಈಗ ನಾನು ಮತ್ತು ನಮ್ಮ ಬಕೆಟ್, ಇಬ್ಬರೇ. ಅವರಮ್ಮನ ಬಚ್ಚಲಿನ ಬಕೆಟ್ ಬಡಿದೇ ಡ್ರಮ್ಸ್ ಕಲಿತ ಆ ಮಹಾನುಭಾವ ಇನ್ನೂ ಆ ಹೆಸರನ್ನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡುತ್ತಾನೆ. ನಾನು ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಸಾಸಿವೆಯಷ್ಟು ಚಿಕ್ಕ ಸ್ಕ್ರೂಗಳನ್ನು ತಿರುಗಿಸಿ, ಸಂಜೆ ಕೀಬೋರ್ಡ್ ಬೆನ್ನಿಗೆ ಹಾಕಿಕೊಂಡು ಅವನ ಜೊತೆ ಹೊರಡುತ್ತೇನೆ. ನಿನ್ನ ಗಿಟಾರ್ ಇಲ್ಲದ ನಮ್ಮ ಹಾಡು ಉಪ್ಪಿಲ್ಲದ ಸಾರು. ಆದರೂ ಬಡಿಸುತ್ತಿದ್ದೇವೆ.

ಕಳೆದ ತಿಂಗಳು ಒಂದು ಈಜುಕೊಳದವರು ಬಹುಮಾನ ವಿತರಣೆಗೆ ಕರೆದಿದ್ದರು. ಇದ್ದದ್ದು ಒಂದೇ ಮೈಕು. ನಾನು ಎರಡನೇ ಚರಣದಲ್ಲಿ ಕಣ್ಣು ಮುಚ್ಚಿ ಹಾಡುತ್ತಿರುವಾಗ ಕಾರ್ಯದರ್ಶಿಗಳು ಬಂದು, ಕೈಯಿಂದ ಮೈಕ್ ತೆಗೆದುಕೊಂಡು, "ನೀಲಿ ಟವೆಲ್ ಯಾರದು?" ಎಂದು ಕೇಳಿ, ಮತ್ತೆ ನನ್ನ ಕೈಗೆ ಕೊಟ್ಟು ಹೋದರು. ಅದಕ್ಕೂ ಮುಂಚೆ ಒಂದು ಹೋಟೆಲಿನಲ್ಲಿ ಮ್ಯಾನೇಜರು ಹಾಡಿಗೊಮ್ಮೆ ಬಂದು ಸೌಂಡ್ ಕಡಿಮೆ ಮಾಡಿ ಎನ್ನುತ್ತಿದ್ದರು. ಬಕೆಟ್ ಕೋಲು ಕೆಳಗಿಟ್ಟು ಬೆರಳಲ್ಲಿ ಬಡಿಯತೊಡಗಿದ. ಆಗಲೂ ಬಂದರು, ಇನ್ನೂ ಸ್ವಲ್ಪ ಅಂದರು. "ಇನ್ನೂ ಸ್ವಲ್ಪ ಅಂದ್ರೆ ನಾವು ಮನೆಗೇ ಹೋಗ್ಬೇಕಾಗುತ್ತೆ ಸಾರ್" ಎಂದೆ. ಅವರು ಗಂಭೀರವಾಗಿ ಯೋಚಿಸಿದರು.

ನಾವು ಹಾಡು ಕಳಿಸಿದ್ದ ಕಂಪನಿಗಳಲ್ಲಿ ಒಂದರಿಂದ ಕೊನೆಗೂ ಉತ್ತರ ಬಂತು. ಹಾಡು ಚೆನ್ನಾಗಿದೆಯಂತೆ, ಆದರೆ ನಮಗೆ ಈಗಾಗಲೇ ಎಷ್ಟು ಮಂದಿ ಕೇಳುಗರಿದ್ದಾರೆ ಎಂದು ತಿಳಿಸಬೇಕಂತೆ. ಕೇಳುಗರಿದ್ದಿದ್ದರೆ ನಾನು ಇವರ ಬಾಗಿಲಿಗೆ ಯಾಕೆ ಹೋಗುತ್ತಿದ್ದೆ? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಬಕೆಟ್ ಆ ಉತ್ತರವನ್ನು ನನ್ನಿಂದ ಎರಡು ಸಲ ಓದಿಸಿ, ಹಾಡು ಚೆನ್ನಾಗಿದೆ ಎಂದಿರುವಲ್ಲಿಗೆ ನಿಲ್ಲಿಸು ಎಂದ.

ಇದನ್ನೆಲ್ಲ ಓದುತ್ತಾ ನೀನು "ನಾನು ಹೇಳಿರ್ಲಿಲ್ವಾ" ಎಂದು ತಲೆ ಆಡಿಸುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೇಳಿದ್ದೆ, ಹೌದು. ಆ ಫರ್ನಿಚರ್ ಅಂಗಡಿಯ ಉದ್ಘಾಟನೆಯ ದಿನ, ನಿನ್ನ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಅದೃಷ್ಟ ಚೀಟಿ ಎತ್ತಲು ಶುರುಮಾಡಿದರಲ್ಲ, ಆಗ. ನೀನು ಗಿಟಾರನ್ನು ಸೋಫಾಕ್ಕೆ ಒರಗಿಸಿ, "ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಸಾಕಾಯ್ತು" ಎಂದು ಹೊರಗೆ ನಡೆದೆ. ಆಮೇಲೆ ಒಬ್ಬರು ಬಂದು ಆ ಗಿಟಾರಿನ ಬೆಲೆ ಕೇಳಿದರು. ನೀನು ಆಗಲೇ ಬೀದಿಯಲ್ಲಿದ್ದೆ, ಇಲ್ಲದಿದ್ದರೆ ಅಲ್ಲೇ ಒಂದು ಕೊಲೆ ನಡೆಯುತ್ತಿತ್ತು.

ನನಗೆ ಚುಚ್ಚಿದ್ದು ನೀನು ಹೊರಟಿದ್ದಲ್ಲ, ಆ ಮಾತು. ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ನಿಂತು ನಿನ್ನ ಒಂದೊಂದು ತಂತಿಯನ್ನೂ ಕೇಳಿದವಳು ನಾನು. ಹಾಗಾದರೆ ನಾನೂ ಕೋಣವೇ? ಅದನ್ನೇ ಕೇಳಿದೆ. ಮಾತಿಗೆ ಮಾತು ಬೆಳೆಯಿತು, ನೀನು ನಾಲ್ಕು ದಿನ ಅಕ್ಕನ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಚೀಲ ಎತ್ತಿಕೊಂಡೆ. ನಿಮ್ಮ ಮನೆತನದಲ್ಲಿ ನಾಲ್ಕು ದಿನ ಎಂದರೆ ಎಷ್ಟು ತಿಂಗಳು ಎಂದು ಮದುವೆಗೆ ಮೊದಲೇ ವಿಚಾರಿಸಬೇಕಿತ್ತು.

ನಿನ್ನ ಬೇಸರ ಸುಳ್ಳು ಎನ್ನುತ್ತಿಲ್ಲ ಕಣೋ. ನನಗೂ ಬೇಸರವಾಗುತ್ತದೆ. ಆಂಪ್ಲಿಫೈಯರ್ ಹೊತ್ತು ಮೆಟ್ಟಿಲು ಹತ್ತುವಾಗ, ಬೆನ್ನು ತಿರುಗಿಸಿ ಕೂತವರಿಗೆ ಹಾಡುವಾಗ, ಇದೆಲ್ಲ ಯಾರಿಗೆ ಬೇಕು ಅನಿಸುತ್ತದೆ. ನೀನು ಪಕ್ಕದಲ್ಲಿದ್ದಾಗ ಆ ಬೇಸರವನ್ನು ಹಂಚಿಕೊಂಡು ಮನೆಗೆ ಬರುತ್ತಿದ್ದೆವು. ಈಗ ಇಡೀ ಗಂಟು ನನ್ನೊಬ್ಬಳದೇ.

ಸರಿ, ನಿನ್ನೆಯ ಮಾತಿಗೆ ಬರುತ್ತೇನೆ.

ಶನಿವಾರ ಸಂಜೆಯ ಕಾಫಿ ಅಂಗಡಿ ಇನ್ನೂ ನಮ್ಮ ಕೈಬಿಟ್ಟಿಲ್ಲ, ಅಂದರೆ ನಿನ್ನೆಯವರೆಗೂ ಬಿಟ್ಟಿರಲಿಲ್ಲ. ಅದೇ ಮೂಲೆ, ಬೆನ್ನ ಹಿಂದೆ ಅದೇ ಅಡುಗೆಮನೆಯ ಗೋಡೆ. ಬಾಗಿಲ ಬೋರ್ಡಿನಲ್ಲಿ ಇವತ್ತಿಗೂ ನಮ್ಮ ಹೆಸರಿಲ್ಲ. "ಒಳಗೆ ಶೌಚಾಲಯವಿದೆ" ಎಂದು ಬರೆದು, ಅದರ ಕೆಳಗೆ "ಶನಿವಾರ ಸಂಗೀತವಿದೆ" ಎಂದಿದೆ. ಜ್ಯೂಸಿನ ಮಿಕ್ಸಿಯೂ ಅದೇ. ನಮ್ಮ ಹಾಡುಗಳಲ್ಲಿ ಮೆಲುದನಿಯ ಜಾಗಗಳು ಎಲ್ಲೆಲ್ಲಿವೆ ಎಂದು ನಮಗಿಂತ ಚೆನ್ನಾಗಿ ಅದಕ್ಕೆ ಗೊತ್ತು.

ಬಾಗಿಲ ಹಾಡನ್ನು ಈಗಲೂ ಹಾಡುತ್ತೇವೆ. ಹೇಗೆ ಬಿಡಲಿ? ಮೊದಲ ಬಾಡಿಗೆ ಕೋಣೆಯಲ್ಲಿ, ಸಂಜೆ ಬಾಗಿಲು ಸದ್ದಾದಾಗ ನಾನು ಒಳಗಿಂದ ಯಾರದು ಎನ್ನುತ್ತಿದ್ದೆ. ಬೇರೆ ಗಂಡಸರಾದರೆ ನಾನು ಎಂದು ಸುಮ್ಮನಾಗುತ್ತಾರೆ. ನೀನು ಮಾತ್ರ "ನಾನೇ ಕಣೇ, ಚಪ್ಪಲಿ ಬಿಡ್ತಾ ಇದ್ದೀನಿ" ಎಂದು ಚಪ್ಪಲಿಯ ಸಮಾಚಾರವನ್ನೂ ಕೊಡುತ್ತಿದ್ದೆ. ಅದನ್ನೇ ಹಾಡಿಗೆ ಹಾಕಿದೆವು. ವಾದ್ಯವೆಲ್ಲ ನಿಂತು, ನಾನು "ಬಾಗಿಲಲ್ಲಿ ಯಾರು?" ಎಂದು ಕೇಳಿದ ಮೇಲೆ, ನಿನ್ನ ಆ ಒಂದು ಸಾಲು. ಆಮೇಲೆ ಡ್ರಮ್ಸ್.

ಈಗ ನಾನು ಕೇಳುತ್ತೇನೆ, ಉತ್ತರ ಇಲ್ಲ. ಬಕೆಟ್ ಎಂಥ ಹಠಮಾರಿ ನಿನಗೆ ಗೊತ್ತಲ್ಲ, ಆ ಜಾಗ ನಿನ್ನದು, ಅದನ್ನು ಯಾರೂ ತುಂಬಬಾರದು ಎಂದು ಪಟ್ಟು ಹಿಡಿದು ಕೂತಿದ್ದಾನೆ. ಹಾಳಾಗಿ ಹೋಗಲಿ ಎಂದು ನಾನೂ ಸುಮ್ಮನಿದ್ದೇನೆ. ಇದರಿಂದ ಆಗುವ ಫಜೀತಿ ಕೇಳು. ಆ ಮೌನದಲ್ಲಿ ಜನ ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ. ಬಕೆಟ್ ಧಡಲ್ಲನೆ ಬಡಿದಾಗ ಬೆಚ್ಚಿ ಕಾಫಿ ಚೆಲ್ಲಿಕೊಳ್ಳುತ್ತಾರೆ. ನಿಜವಾಗಿ ಮುಗಿದಾಗ ಒಬ್ಬರೂ ಕೈ ಎತ್ತುವುದಿಲ್ಲ, ಇನ್ನೊಮ್ಮೆ ಮೋಸ ಹೋಗುವುದು ಬೇಡ ಎಂದು. ಪ್ರತಿ ಶನಿವಾರವೂ ಇದೇ ಕಥೆ.

ನಿನ್ನೆ ಆ ಕಟ್ಟಡಕ್ಕೆ ನೀರು ಬರುವುದೇ ನಿಂತುಹೋಗಿತ್ತು. ಮಿಕ್ಸಿಯ ಜಾರು ತೊಳೆಯಲಾಗದೆ ಜ್ಯೂಸ್ ಬಂದ್. ಕಾಫಿ ಕಾಗದದ ಲೋಟದಲ್ಲಿ. ಅಡುಗೆಮನೆಯ ನಲ್ಲಿಯ ಸದ್ದೂ ಇಲ್ಲ, ಪಾತ್ರೆಯ ಸದ್ದೂ ಇಲ್ಲ. ಅಷ್ಟು ನಿಶ್ಶಬ್ದದಲ್ಲಿ ನಾವು ಎಂದೂ ಹಾಡಿರಲಿಲ್ಲ, ನನಗೇ ಭಯವಾಯಿತು. ಬಾಗಿಲ ಹಾಡು ಬಂತು. ಕೈ ನಿಲ್ಲಿಸಿ ಕೇಳಿದೆ, ಬಾಗಿಲಲ್ಲಿ ಯಾರು?

"ನಾನೇ ಕಣೇ, ಚಪ್ಪಲಿ ಬಿಡ್ತಾ ಇದ್ದೀನಿ."

ಅಡುಗೆಮನೆಯಿಂದ. ಹೆಂಗಸಿನ ದನಿ, ಒಡಕು ದನಿ, ಆದರೆ ಶ್ರುತಿಯಲ್ಲಿತ್ತು. ನೀನು "ಬಿಡ್ತಾ" ಎನ್ನುವಲ್ಲಿ ಸೋಮಾರಿಯ ಹಾಗೆ ಎಳೆಯುತ್ತಿದ್ದೆಯಲ್ಲ, ಆ ಎಳೆತವೂ ಹಾಗೇ ಇತ್ತು. ಬಕೆಟ್ ಬಡಿಯುವುದನ್ನೇ ಮರೆತ. ಆಮೇಲೆ ಹೇಗೋ ಹಾಡು ಮುಂದೆ ಹೋಯಿತು, ಮುಗಿಯಿತು, ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಸರಿಯಾದ ಜಾಗದಲ್ಲಿ ಚಪ್ಪಾಳೆ ಕೇಳಿ ಎಷ್ಟು ಕಾಲವಾಗಿತ್ತು!

ಕೀಬೋರ್ಡನ್ನು ಹಾಗೇ ಬಿಟ್ಟು ಒಳಗೆ ಓಡಿದೆ. ಪಾತ್ರೆ ತೊಳೆಯುವ ಅಕ್ಕ. ನೀನು ನೋಡಿರುತ್ತೀಯ, ಗುಂಗುರು ಕೂದಲಿನವರು, ನಾವು ಸಾಮಾನು ಹೊತ್ತು ಒಳಗೆ ಬರುವಾಗ ಕಾಲಿನಿಂದ ಬಾಗಿಲು ಒತ್ತಿ ಹಿಡಿಯುತ್ತಿದ್ದರು. ತೊಳೆಯಲು ನೀರಿಲ್ಲದೆ ಸುಮ್ಮನೆ ಕೂತಿದ್ದರು, ನನ್ನನ್ನು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ತಪ್ಪು ತಿಳ್ಕೋಬೇಡಿ ಕಣಮ್ಮ, ನಲ್ಲಿ ಬಿಟ್ಟಿಲ್ಲ ಅನ್ನೋದೇ ಮರೆತುಹೋಯ್ತು" ಎಂದರು.

ಪ್ರತಿ ಶನಿವಾರವೂ ಹಾಡುತ್ತಾರಂತೆ ಕಣೋ! ನೀನು ಹೋದಾಗಿನಿಂದ ಪ್ರತಿ ವಾರ ಆ ಸಾಲನ್ನು ನಲ್ಲಿಯ ಸದ್ದಿನೊಳಗೆ ಅವರು ಹಾಡಿದ್ದಾರೆ, ಗೋಡೆಯ ಈಚೆ ನಮಗೆ ಕೇಳಿಸಿಲ್ಲ. ಯಾಕೆ ಎಂದು ಕೇಳಿದೆ. "ಅಲ್ಲಮ್ಮ, ನೀವು ಬಾಗಿಲಲ್ಲಿ ಯಾರು ಅಂತ ಅಷ್ಟು ಚೆನ್ನಾಗಿ ಕೇಳ್ತೀರಿ. ಯಾರಾದ್ರೂ ಓ ಅನ್ನಬೇಕಲ್ವಾ?" ಎಂದರು. ನಮ್ಮ ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ದೊಡ್ಡ ಪಾತ್ರೆಗಳನ್ನು ಬಕೆಟ್‌ನ ಜೋರು ಹಾಡಿಗೆ ಎತ್ತಿಟ್ಟುಕೊಳ್ಳುತ್ತಾರಂತೆ, ಗಾಜಿನ ಲೋಟಗಳನ್ನು ನಿನ್ನ ನಿಧಾನದ ಹಾಡಿಗೆ. ನೀನು ಬರುವುದು ನಿಂತ ಮೇಲೆ ಲೋಟಗಳು ಜಾಸ್ತಿ ಒಡೆಯುತ್ತಿವೆ ಎಂದು ಮಾಲೀಕರು ಬೈದರಂತೆ.

ಆಮೇಲೆ ದನಿ ತಗ್ಗಿಸಿ ಕೇಳಿದರು. "ಆ ಅಣ್ಣ ಎಲ್ಲಮ್ಮ? ಚಪ್ಪಲಿ ಬಿಡೋಕೆ ಇಷ್ಟು ಹೊತ್ತು ಬೇಕಾ?"

ನಾನು ನಕ್ಕೆ. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಅವರು ಪಾತ್ರೆ ಒರೆಸುವ ಬಟ್ಟೆಯನ್ನೇ ಕೊಟ್ಟರು, ಒಗೆದದ್ದು ಎಂದು ಎರಡೆರಡು ಸಲ ಹೇಳಿದರು.

ನೋಡು, ಇಷ್ಟು ವರ್ಷ ನಾವು ಎದುರಿಗೆ ಕೂತವರ ಮುಖವನ್ನೇ ಹುಡುಕಿದೆವು. ಯಾರು ಕೇಳುತ್ತಿದ್ದಾರೆ, ಯಾರು ಫೋನ್ ನೋಡುತ್ತಿದ್ದಾರೆ ಎಂದು. ಕೇಳುವವರು ಬೆನ್ನ ಹಿಂದೆ ಇದ್ದರು. ಇದರಿಂದ ನಮ್ಮ ಬ್ಯಾಂಡು ಉದ್ಧಾರವಾಯಿತು ಎಂದೇನೂ ನಾನು ಹೇಳುತ್ತಿಲ್ಲ. ನಿನ್ನೆ ಹೊರಡುವಾಗಲೇ ಮಾಲೀಕರು ಕರೆದು, ಮುಂದಿನ ತಿಂಗಳಿಂದ ಆ ಮೂಲೆಯಲ್ಲಿ ದೊಡ್ಡ ಟಿವಿ ಹಾಕುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಬರುವ ಶನಿವಾರವೇ ಕೊನೆ. ಬೋರ್ಡಿನಲ್ಲಿ ಶೌಚಾಲಯ ಉಳಿಯುತ್ತದೆ, ಸಂಗೀತ ಹೋಗುತ್ತದೆ.

ಅದಕ್ಕೆ ಈ ಪತ್ರ. ಕೊನೆಯ ಸಲವಾದರೂ ನೀವು ಹೊರಗೆ ಬಂದು, ಮೈಕಿನಲ್ಲಿ ಆ ಸಾಲು ಹಾಡಿ ಎಂದು ಪಾತ್ರೆ ತೊಳೆಯುವ ಅಕ್ಕನನ್ನು ಕೇಳಿಕೊಂಡೆ. ಅವರು ಸುತಾರಾಂ ಒಪ್ಪಲಿಲ್ಲ. "ಅದು ಆ ಅಣ್ಣನ ಮಾತು. ಅವರನ್ನ ಒಂದು ಮಾತು ಕೇಳಿ. ಆಗಲ್ಲ ಅಂದ್ರೆ ಆಮೇಲೆ ನೋಡೋಣ" ಎಂದರು. ಹಾಗಾಗಿ ಕೇಳುತ್ತಿದ್ದೇನೆ. ನಿನ್ನ ಸಾಲನ್ನು ಅವರಿಗೆ ಕೊಡಲಾ? ಕೊಡು ಎಂದರೆ ಕೊಡುತ್ತೇನೆ, ಅವರು ನಿನಗಿಂತ ಚೆನ್ನಾಗಿಯೇ ಹಾಡುತ್ತಾರೆ. ಬೇಡ ಎಂದರೆ ಮಾತ್ರ ಶನಿವಾರ ಆ ಜಾಗದಲ್ಲಿ ಏನು ಮಾಡಬೇಕು ಎಂದು ನೀನೇ ಹೇಳಬೇಕು.

ಮನೆ ಬಿಕೋ ಎನ್ನುತ್ತಿದೆ. ಸಂಜೆ ಪಕ್ಕದ ಮನೆಯ ಬಾಗಿಲು ಸದ್ದಾದರೂ ಯಾರದು ಎಂದುಬಿಡುತ್ತೇನೆ. ಅವರ ಮನೆಯ ಅಜ್ಜಿ ಮೊನ್ನೆ "ನಾನು, ಹಾಲು ತರೋಕೆ ಹೋಗಿದ್ದೆ" ಎಂದು ಗೋಡೆಯಾಚೆಯಿಂದ ಉತ್ತರ ಕೊಟ್ಟರು.

ಮಧ್ಯಾಹ್ನ ಬಕೆಟ್ ಬರುತ್ತಾನೆ, ಇದನ್ನು ಅಂಚೆಗೆ ಹಾಕುತ್ತಾನೆ. ಕೆಮ್ಮಿಗೆ ಔಷಧ ತಗೋ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳು.

ಇಂತಿ,
ಬಾಗಿಲಲ್ಲಿ ಯಾರು ಎಂದು ಕೇಳುವವಳು

ಸಹಿ ಹಾಕಿದ ಮೇಲೆ ಸೇರಿಸಿದ್ದು: ಬಕೆಟ್ ಬಂದ, ಕೇಳದೆಯೇ ಪತ್ರ ಓದಿದ, ಓದಿ ಕೆಂಡವಾಗಿದ್ದಾನೆ. ತಾನು ಯಾವ ಪಟ್ಟೂ ಹಿಡಿದಿಲ್ಲವಂತೆ. ನೀನು ಹೋದ ವಾರವೇ "ಆ ಸಾಲು ನಾನು ಹಾಡ್ತೀನಿ ಅಕ್ಕಾ" ಎಂದಿದ್ದನಂತೆ, ಆಮೇಲೂ ಎಷ್ಟೋ ಸಲ ಕೇಳಿದನಂತೆ. ಬೇಡ, ಅದು ಹಾಗೇ ಖಾಲಿ ಇರಲಿ ಎಂದವಳು ನಾನಂತೆ. ಅದನ್ನು ಬರೆಯದಿದ್ದರೆ ಪತ್ರ ಅಂಚೆಗೆ ಹಾಕುವುದಿಲ್ಲ ಎಂದು ಬಾಗಿಲಲ್ಲಿ ನಿಂತಿದ್ದಾನೆ. ಹೌದು ಕಣೋ, ನಾನೇ. ಶನಿವಾರ ಬರುವುದಾದರೆ ಷೂ ಹಾಕಿಕೊಂಡು ಬರಬೇಡ. ಲೇಸು ಬಿಚ್ಚುವವರೆಗೆ ಕಾಯುವ ತಾಳ್ಮೆ ನನಗಿಲ್ಲ.