ತೂತಿರುವ ರಟ್ಟು

ಉದಗೀರ,
೧೮ ನವೆಂಬರ್ ೨೦೨೪

ಪ್ರೀತಿಯ ಉಮಾಶ್ರೀ,

ನಿಲಂಗಾ ಪಾಲಿಟೆಕ್ನಿಕ್ಕಿನ ಹೊಸ ಮೇಡಮ್ಮನವರಿಗೆ ಶರಣು. ನಿನ್ನ ಫೋನು ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಎತ್ತಿದರೆ ದನಿ ಒಡೆಯುತ್ತದೆ, ನಮ್ಮ ಮನೆಯಲ್ಲಿ ಪಿಸುಗುಟ್ಟಿದರೂ ಪಡಸಾಲೆಗೆ ಕೇಳುತ್ತದೆ. ಅದಕ್ಕೇ ಈ ಹಳೇ ಪದ್ಧತಿ. ನೀನು ಕೇಳಿದ ರಟ್ಟಿನ ಆಕಾರಗಳನ್ನು ನಿಲಂಗಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದ ಅವುಗಳ ಅಡಿಯಲ್ಲಿದೆ. ತಡವಾಯಿತು, ತಪ್ಪು ನನ್ನದೇ.

ಮೊದಲು ಪಾಠದ ಮಾತು. ಬೋರ್ಡಿನ ಮೇಲೆ ಸೆಂಟ್ರಾಯಿಡ್ ಎಂದು ಬರೆಯುವ ಮುಂಚೆ ಹುಡುಗರ ಕೈಗೆ ರಟ್ಟು ಕೊಟ್ಟು, ಬೆರಳ ತುದಿಯ ಮೇಲೆ ನಿಲ್ಲಿಸಿರಿ ಎನ್ನು. ಎಲ್ಲಿ ಬೆರಳಿಟ್ಟರೆ ವಾಲದೆ ನಿಲ್ಲುತ್ತದೋ ಅದೇ ಸೆಂಟ್ರಾಯಿಡ್. ಟಿ ಆಕಾರವನ್ನು ಎರಡು ಆಯತಗಳಾಗಿ ಒಡೆದು, ಒಂದೊಂದರ ಕ್ಷೇತ್ರಫಲವನ್ನು ಅದರ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ಷೇತ್ರಫಲದಿಂದ ಭಾಗಿಸುವುದು ಎಲ್ಲರಿಗೂ ಬರುತ್ತದೆ. ಎಡವುವುದು ತೂತು ಬಂದಾಗ. ತೂತನ್ನೂ ಒಂದು ಆಕಾರವೆಂದೇ ಹಿಡಿದು, ಮೈನಸ್ ಹಾಕಿ ಕಳೆಯಬೇಕು. ತೂತು ಎಡಕ್ಕಿದ್ದರೆ ಸೆಂಟ್ರಾಯಿಡ್ ಬಲಕ್ಕೆ ಸರಿಯುತ್ತದೆ. ಮೊಮೆಂಟ್ ಆಫ್ ಇನರ್ಶಿಯಾಕ್ಕೆ ಬಂದಾಗ ಇನ್ನೂ ಹುಷಾರು. ಹುಡುಗರು ತುಂಡಿನ ಸ್ವಂತ ಇನರ್ಶಿಯಾ ಬರೆದು ಸುಮ್ಮನಾಗುತ್ತಾರೆ. ಕ್ಷೇತ್ರಫಲವನ್ನು ದೂರದ ವರ್ಗದಿಂದ ಗುಣಿಸಿ ಅದಕ್ಕೆ ಸೇರಿಸಲು ಅರ್ಧ ಕ್ಲಾಸು ಮರೆಯುತ್ತದೆ. ದೂರ ಎರಡು ಪಟ್ಟಾದರೆ ಈ ಪಾಲು ನಾಲ್ಕು ಪಟ್ಟಾಗುತ್ತದೆ ಮಹಾರಾಯರೇ ಎಂದು ನಾನು ವರ್ಷವರ್ಷವೂ ಗಂಟಲು ಹರಿದುಕೊಳ್ಳುತ್ತೇನೆ. ಇನ್ನು ಮೇಲೆ ನೀನೂ ಹರಿದುಕೋ.

ಆರೋಗ್ಯ ಕೇಳಿದ್ದೆಯಲ್ಲ. ಎಡದ ಮೊಲೆ ತೆಗೆದ ಗಾಯ ಒಣಗಿದೆ. ಬೇರೆಲ್ಲೂ ಹಬ್ಬಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಡೆಯುವಾಗ ಮಾತ್ರ ಮೈ ಬಲಕ್ಕೆ ವಾಲುತ್ತದೆ. ಥೇಟ್ ನನ್ನ ರಟ್ಟೇ ಎಂದು ನಾನೊಬ್ಬಳೇ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನಮ್ಮ ಅತ್ತೆ ಕುಸುಮಬಾಯಿಯವರನ್ನು ನೀನು ನೋಡಬೇಕಿತ್ತು. ಆಪರೇಷನ್ನಿಗೆ ಒಯ್ಯುವಾಗ ಕೊರಳಿನ ಇಷ್ಟಲಿಂಗ ತೆಗೆಯಿರಿ ಎಂದಳು ನರ್ಸು. ಅತ್ತೆ ಸೆರಗು ಬಿಗಿದು ನಿಂತುಬಿಟ್ಟರು. “ಜೀವ ಇರೋತನಕ ಲಿಂಗ ಮೈ ಮ್ಯಾಲೇ ಇರಬೇಕು. ನಿಮ್ಮ ರೂಲ ನಿಮ್ಮ ಕಡೀ ಇರಲಿ, ಬಾಯಿ!” ಕಡೆಗೆ ಡಾಕ್ಟರೇ ಬಂದು, ಬಲಗೈಗೆ ಕಟ್ಟಲು ಒಪ್ಪಿದರು. ನನ್ನ ಎಡಗೈ ಇನ್ನೂ ಕುತ್ತಿಗೆಯ ಹಿಂದಕ್ಕೆ ಹೋಗುವುದಿಲ್ಲ. ದಿನಾ ಸ್ನಾನವಾದ ಮೇಲೆ ಲಿಂಗದ ಕರಡಿಗೆಯನ್ನು ಕೊರಳಿಗೆ ಹಾಕಿ ಶಿವದಾರದ ಗಂಟು ಕಟ್ಟುವವರು ಅತ್ತೆಯವರೇ. ಒಂದು ದಿನ ಗಾಯಕ್ಕೆ ಎಣ್ಣೆ ಸವರುತ್ತ, “ಯಾಕ ಅಳತಿಯವ್ವ? ಒಂದು ಸಾಲು ಬಿತ್ತಲಿಲ್ಲಂದ್ರ ಹೊಲ ಪರರದಾಗತದೇನು?” ಎಂದರು.

ನಮ್ಮವರ ಬಗ್ಗೆ ಏನು ಬರೆಯಲಿ? ನೀನು ಸಾವಕಾರರು ಎಂದು ಕಾಡಿಸುವ ನಾಗನಾಥರು, ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನ ಕಾಳುಕಡಿಯ ಅಡತ್ ಅಂಗಡಿಯ ಕದ ಹಾಕಿ ನನ್ನ ಕಾಲ ಬಳಿ ಕೂತಿದ್ದರು. ಇವತ್ತಿಗೂ ಗುಳಿಗೆ, ಹಣ್ಣು ಒಂದೂ ತಪ್ಪಿಸುವುದಿಲ್ಲ. ದೂರಲು ಬಾಯಿಲ್ಲ ನನಗೆ. ಆದರೆ ಗಾಯದ ಪಟ್ಟಿ ಬಿಚ್ಚಿದಂದಿನಿಂದ ಅವರ ಹಾಸಿಗೆ ಪಡಸಾಲೆಯಲ್ಲಿ. “ನಿನ್ನ ಕೈಗೆ ಧಕ್ಕಿ ಹತ್ತೀತು” ಎಂದರು. ಆಮೇಲೆ, “ಸೋಯಾಬೀನ್ ಸುಗ್ಗಿ ಅದ, ಲಾರಿ ಯಾವ ಹೊತ್ತಿಗೆ ಬರತಾವೋ” ಎಂದರು. ಲಾರಿಗಳು ಬಂದು ತುಂಬಿಕೊಂಡು ಹೋದವು. ಹಾಸಿಗೆ ಒಳಗೆ ಬರಲಿಲ್ಲ. ಉಮಾ, ನನಗೆ ಬೇರೇನೂ ಬೇಡ. ಒಂದು ಸಲ ಅವರು ನನ್ನನ್ನು ನೋಡಬೇಕು. ಈಗ ಇರುವ ಹಾಗೆ, ಒಂದೇ ಒಂದು ಸಲ.

ಹೋದ ವಾರ ಅತ್ತೆಯವರು ತವರೂರು ಗುಂಜೋಟಿಗೆ, ತೀರಿಕೊಂಡ ಅಣ್ಣನ ಮಣ್ಣಿಗೆ ಹೋದರು. ಉಮರ್ಗಾ ಬಸ್ಸು ಹತ್ತುತ್ತ ಮಗನಿಗೆ, “ನಾ ಬರೋತನಕ ಆಕಿ ದಾರ ನೀ ಕಟ್ಟು” ಎಂದರು. ಬೇಕೆಂದೇ ಹೇಳಿದರು, ಅವರಿಗೆ ಎಲ್ಲ ಗೊತ್ತು. ಮರುದಿನ ಸ್ನಾನ ಮಾಡಿ, ಹೆಗಲಿಗೆ ಸೆರಗು ಏರಿಸದೆ, ಕರಡಿಗೆ ಹಿಡಿದು ಕರೆದೆ. ಎದೆ ಡವಡವ ಎನ್ನುತ್ತಿತ್ತು, ಮದುವೆಯಾದ ಹೊಸತರಲ್ಲೂ ಹಾಗೆ ಹೊಡೆದುಕೊಂಡಿರಲಿಲ್ಲ. ಬಂದರು. ಹಿಂದೆ ನಿಂತು ಕಟ್ಟಿದರು. ಗಂಟನ್ನು ಜಗ್ಗಿ ನೋಡಿ, “ಬಿಗಿ ಆಗಿಲ್ಲ ಹೌದಿಲ್ಲೋ?” ಎಂದು ಕೇಳಿದರು. ಅವರ ಬೆರಳು ಕುತ್ತಿಗೆಗೆ ತಾಗಿ ಎಷ್ಟು ಕಾಲವಾಗಿತ್ತು!

ಅಂದೇ ಕ್ಲಾಸಿನಲ್ಲಿ ತೂತಿರುವ ರಟ್ಟಿನ ಲೆಕ್ಕ. ಇಷ್ಟು ವರ್ಷ ಹೇಳಿಕೊಟ್ಟವಳು ನಾನು, ಬೋರ್ಡಿನ ಮೇಲೆ ತೂತಿಗೆ ಪ್ಲಸ್ ಹಾಕಿಬಿಟ್ಟೆ. ಸೆಂಟ್ರಾಯಿಡ್ ತೂತಿನ ಕಡೆಗೇ ಸರಿಯಿತು. ಮುಂದಿನ ಬೆಂಚಿನ ಪ್ರಾಜಕ್ತಾ ಎದ್ದು, ತನ್ನ ಮರಾಠಿಯಲ್ಲಿ, “ಮ್ಯಾಡಮ್, ಭೋಕ್ ಮಾಯನಸ್ ಘ್ಯಾಯಚಂ ನಾ?” ಎಂದಳು. ಹೌದು, ತೂತನ್ನು ಕಳೆಯಬೇಕು. ಅಳಿಸಲು ಕೈ ಬರಲಿಲ್ಲ ಕಣವ್ವ, ಡಸ್ಟರ್ ಹಿಡಿದು ನಿಂತೇ ಇದ್ದೆ. ಆ ಹುಡುಗಿಯೇ ಬಂದು ಅಳಿಸಿ, ಮೈನಸ್ ಬರೆದು, ಹೋಗಿ ಕೂತಳು. ಸ್ಟಾಫ್ ರೂಮಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಾಕು, ಬಸ್ಸಿನ ಹೊತ್ತಾಯಿತು. ಹೊಸ ನೌಕರಿ ನಿನ್ನ ಕೈ ಹಿಡಿಯಲಿ, ಹುಡುಗರು ನಿನ್ನ ಮಾತು ಕೇಳಲಿ, ಶಿವ ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ. ತೂತಿರುವ ರಟ್ಟನ್ನು ಮಾತ್ರ ಕಳಿಸಿಲ್ಲ, ನೀನೇ ಒಂದು ಕತ್ತರಿಸಿಕೋ.

ನಿನ್ನ
ಭುವನೇಶ್ವರಿ

ತಾಜಾ ಕಲಂ: ಇದನ್ನು ಬರೆಯಬಾರದೆಂದಿದ್ದೆ. ಅವರು ದಾರ ಕಟ್ಟುವಾಗ ಎದುರಿಗೆ ಕನ್ನಡಿ ಇತ್ತು. ಅದರಲ್ಲಿ ಅವರ ಮುಖ ನೋಡಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ಗಂಟನ್ನು ಬೆರಳಲ್ಲೇ ತಡವಿ ತಡವಿ ಕಟ್ಟುತ್ತಿದ್ದರು. ನಾನು ಸೆರಗು ಹೊದ್ದುಕೊಂಡು, “ಆತು, ಇನ್ನ ಕಣ್ಣು ತೆರೀರಿ” ಎಂದೆ. ತೆರೆದರು. ಗೋಡೆಯ ಗಡಿಯಾರ ನೋಡಿ, “ಅಂಗಡಿಗೆ ಹೊತ್ತಾತು” ಎಂದರು.