ಸ್ಟೇರಿಂಗಿನ ಆಟ

ಕೊಳ್ಳೇಗಾಲ, 14 ಮಾರ್ಚ್ 1968, ಗುರುವಾರ

ಅಪ್ಪ ಬಿಟ್ಟುಹೋದ ಎಂಟು ಸಿಲಿಂಡರಿನ ಅಮೆರಿಕನ್ ಕಾರಿಗೆ ಇವತ್ತು ಬೇರೆ ಸ್ಟೇರಿಂಗ್ ಬಾಕ್ಸ್ ಹಾಕಿಸಿದೆ. ಹಳೆಯದರಲ್ಲಿ ಕಾಲು ಸುತ್ತು ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತಿತ್ತು. ಆ ಸಡಿಲಕ್ಕೆ ಡ್ರೈವರ್ ಚಿಕ್ಕಸಿದ್ದಯ್ಯ 'ಆಟ' ಎನ್ನುತ್ತಾನೆ.

ಮೆಕ್ಯಾನಿಕ್ ಎರಡು ಬಾಕ್ಸ್ ತಂದಿದ್ದ. ತಿರುಗಿಸಲು ಒಂದು ಹಗುರ, ಒಂದು ಬಿಗಿ.

"ಅಗುರದ್ದೇ ಆಕ್ಸಿ ಬುದ್ಧಿ, ಈ ತೋಳಲ್ಲಿ ಬಲ ಇಲ್ಲ" ಎಂದ ಚಿಕ್ಕಸಿದ್ದಯ್ಯ.

ಅದಕ್ಕೇ ಬಿಗಿಯದನ್ನು ಆರಿಸಿದೆ. ಊರಿನವರೆಲ್ಲ ಇದನ್ನು ಅವನ ಕಾರು ಎನ್ನುತ್ತಾರೆ. ಅವನನ್ನು ಕೆಲಸದಿಂದ ಬಿಡಿಸುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ನಿಜ. ತಾನಾಗಿ ಹೋದರೆ ಮಾತು ತಪ್ಪಿದಂತಲ್ಲವಲ್ಲ.

ಹನೂರಿನವರೆಗೆ ಓಡಿಸಿ ನೋಡು ಎಂದು ಪಕ್ಕದಲ್ಲೇ ಕೂತೆ. ಪ್ರತಿ ತಿರುವಿನಲ್ಲೂ ಅವನು ಹಲ್ಲು ಕಚ್ಚುತ್ತಿದ್ದ. ಖುಷಿಯಾಯಿತು, ಇಲ್ಲೇಕೆ ಸುಳ್ಳು ಬರೆಯಲಿ. ವಾಪಸು ಬಂದು ಮನೆ ಮುಂದೆ ಇಳಿದವನೇ ಬೀಗದ ಕೈ ನನಗೆ ಕೊಟ್ಟ.

"ಈಗ ಸ್ಟೇರಿಂಗಲ್ಲಿ ಆಟ ಇಲ್ಲ ಬುದ್ಧಿ. ಆಟ ಎಲ್ಲಾ ನಿಮ್ದೇಯ."

ಹೊರಟೇ ಹೋದ. ಕಾರನ್ನು ಶೆಡ್ಡಿನ ಕಡೆಗೆ ತಿರುಗಿಸಲು ನಾನೇ ಕೂತು ಸ್ಟೇರಿಂಗನ್ನು ಎರಡೂ ಕೈ ಹಾಕಿ ಎಳೆದೆ. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಬೀದಿಯಲ್ಲೇ ಬಿಟ್ಟು ಒಳಗೆ ಬಂದೆ.

ಎದುರು ಮನೆಯ ಪುಟ್ಟಮಲ್ಲಮ್ಮ ಜಗಲಿಯಿಂದ ಈಗಷ್ಟೇ ಕೂಗಿ ಕೇಳಿದಳು: "ಇದ್ಯಾಕ್ರಪ್ಪಾ, ಚಿಕ್ಕಸಿದ್ದಯ್ಯನ ಕಾರು ಬೀದೀಲಿ ನಿಂತದೆ?"