ಕೇಳಿಸಿಕೊಂಡವರ ಹೂಂ

ಅರಸೀಕೆರೆ
೧೮ ಆಗಸ್ಟ್ ೨೦೦೨

ಪ್ರೀತಿಯ ಲತಾ,

ನಾವೆಲ್ಲ ಕ್ಷೇಮ. ನೀನೂ ನಿನ್ನ ಶಾಲೆಯ ಮಕ್ಕಳೂ ಅರೇಹಳ್ಳಿಯ ಥಂಡಿಯಲ್ಲಿ ನೆಗಡಿಯಿಲ್ಲದೆ ಇದ್ದೀರೆಂದುಕೊಳ್ಳುತ್ತೇನೆ. ಬುದ್ಧ ಪೂರ್ಣಿಮೆಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಕೆಲಸವಿತ್ತು ಎಂದು ತಪ್ಪಿಸಿಕೊಳ್ಳಬಹುದಿತ್ತು, ನೀನು ನಂಬುವವಳಲ್ಲ. ಕೊನೆಯಲ್ಲಿ ನೀನೊಂದು ಪ್ರಶ್ನೆ ಹಾಕಿದ್ದೆ: ಸಿದ್ಧಾರ್ಥನಿಗೆ ಯಾರೂ ಇಲ್ಲದಾಗ ಕೇಳಿಸುವ ದನಿಗಳಲ್ಲಿ ನಿನ್ನ ದನಿಯೂ ಇದೆಯೇ ಎಂದು. ಅವನು ನನ್ನ ತಮ್ಮನೇ ಆದರೂ, ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವ ಅಭ್ಯಾಸ ನನಗಿಲ್ಲ. ಅದಕ್ಕೇ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಅಮ್ಮನ ಮಂಡಿನೋವು ಇದ್ದಲ್ಲೇ ಇದೆ. ಅಪ್ಪ ರೈಲ್ವೆಯಿಂದ ನಿವೃತ್ತರಾದರೂ ಗಾಡಿ ತಡವಾದರೆ ತಮ್ಮದೇ ತಪ್ಪೆಂಬಂತೆ ಅಂಗಳದಲ್ಲಿ ಓಡಾಡುತ್ತಾರೆ.

ಸಿದ್ಧಾರ್ಥನನ್ನು ಮದುವೆಯಾದ ಹೊಸದರಲ್ಲಿ ನನ್ನ ಕೆಲಸವೇನೆಂದು ನೀನು ಕೇಳಿದ್ದೆ. ಪರದೆಯ ಮೇಲೆ ಚುಕ್ಕೆ ಓಡಿಸುತ್ತೇನೆ ಅಂದಾಗ, ಅದಕ್ಕೂ ಸಂಬಳ ಕೊಡುತ್ತಾರಾ ಎಂದು ನಕ್ಕಿದ್ದೆ. ಕೊಡುತ್ತಾರೆ. ಕಂಡದ್ದನ್ನು, ಕೇಳಿದ್ದನ್ನು ಮಿದುಳು ಯಾವ ಗಳಿಗೆಯಲ್ಲಿ ಇದು ಇಂಥದ್ದೇ ಎಂದು ತೀರ್ಮಾನಿಸುತ್ತದೆ, ಮನಸ್ಸಿನ ಕಾಯಿಲೆಯಲ್ಲಿ ಆ ತೀರ್ಮಾನ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ದನಿ ಕೇಳಿಸುವ ರೋಗಿಗಳು ಸಾಕಷ್ಟು ಆಧಾರ ಸಿಗುವ ಮೊದಲೇ ತೀರ್ಮಾನಕ್ಕೆ ಹಾರುತ್ತಾರೆ ಎಂದು ನಮ್ಮ ಶಾಸ್ತ್ರದಲ್ಲಿ ಹಲವರು ಹೇಳುತ್ತಾರೆ. ನಾನೂ ಅವರಲ್ಲೊಬ್ಬಳು.

ಬೇಸಿಗೆಯಿಂದ ಇಲ್ಲಿ ಸ್ಟೇಷನ್ ಪಕ್ಕದ ಛತ್ರದಲ್ಲಿ ಪರೀಕ್ಷೆ ನಡೆಸುತ್ತಿದ್ದೇವೆ. ಚುಕ್ಕೆ ತೋರಿಸಿದರೆ ರೋಗಿಗಳು ಟೀವಿ ಕೆಟ್ಟಿದೆ ಅಂದರು. ಸರಿ, ತೆಂಗಿನಕಾಯಿ ತರಿಸಿದೆ. ಒಂದು ಚೀಲದಲ್ಲಿ ಹೆಚ್ಚಿನವು ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಅನ್ನುವ ಒಣಕಾಯಿ, ಇನ್ನೊಂದರಲ್ಲಿ ಹೆಚ್ಚಿನವು ನೀರುಕಾಯಿ. ಮರೆಯಲ್ಲಿ ಒಂದೇ ಚೀಲದಿಂದ ಒಂದೊಂದೇ ಕಾಯಿ ತೆಗೆದು ಅವರ ಕಿವಿಯ ಹತ್ತಿರ ಅಲ್ಲಾಡಿಸುವುದು. ಚೀಲ ಯಾವುದೆಂದು ಖಚಿತವಾದಾಗ ಅವರು ಹೇಳಬೇಕು. ನನ್ನ ಸಹಾಯಕಿ ಉಷಾರಾಣಿ ಕನ್ನಡದವಳೇ, ಆದರೆ ಬೆಳೆದದ್ದು ದೆಹಲಿಯಲ್ಲಿ. ಅವಳು ಇದು ಒಣಕಾಯಿ, ಇದು ನೀರುಕಾಯಿ ಎನ್ನುತ್ತ ಅಲ್ಲಾಡಿಸುವಳು. ರೋಗಿಗಳು ಮೊದಲ ಕಾಯಿಗೇ ಹೂಂ ಅನ್ನುವರು. ತೀರ್ಮಾನವಾಯಿತೆಂದು ಗುರುತು ಹಾಕಿಕೊಂಡು, ಹಾಗಾದರೆ ಯಾವ ಚೀಲ ಎಂದು ಇವಳು ಕೇಳುವಳು. ಪಾಪ, ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ, ಬಾಯಿಗೆ ಬಂದದ್ದು ಹೇಳುವರು. ಹೋಲಿಕೆಗೆಂದು ಕೂರಿಸಿದ ಕಾಲೇಜಿನವರು ತುಟಿ ಬಿಗಿದುಕೊಂಡು ಕೇಳಿ ನಿಧಾನವಾಗಿ ಉತ್ತರಿಸಿದರು. ಫಲಿತಾಂಶ ಎಷ್ಟು ಚೆಂದ ಬಂತೆಂದರೆ ನಾನು ಲೇಖನ ಶುರುಮಾಡಿಬಿಟ್ಟೆ.

ಅದಕ್ಕಾಗಿ, ಪರೀಕ್ಷೆಯ ಮಾತುಗಳನ್ನು ತುಂಬಿಸಿಟ್ಟ ಕ್ಯಾಸೆಟ್ ಹಾಕಿ ಕೇಳುತ್ತಿದ್ದೆ. ಅದರಲ್ಲಿ ಗಂಡಸಿ ಊರಿನ ಕಡೆಯ ಒಬ್ಬ ಅಜ್ಜಿ, ಹೆಸರು ಹೇಳುವ ಹಾಗಿಲ್ಲ. ಕಾಯಿಗೆ ಹೂಂ ಅಂದರು. ನಡುವೆ ಸ್ಟೇಷನ್ನಿನ ಮೈಕಿನಲ್ಲಿ ಶಿವಮೊಗ್ಗದ ಗಾಡಿ ತಡವಾಗಿ ಬರಲಿದೆ ಎಂದರು. ಅಜ್ಜಿ ಅದಕ್ಕೂ ಹೂಂ ಅಂದರು. ನಾನೊಬ್ಬಳೇ ಕೂತು ನಕ್ಕೆ. ಆಮೇಲೆ ಹೊಳೆಯಿತು. ಆಕೆ ತೀರ್ಮಾನ ಹೇಳುತ್ತಿರಲಿಲ್ಲ, ಹೂಂಗುಟ್ಟುತ್ತಿದ್ದರು. ಯಾರಾದರೂ ಮಾತಾಡುವಾಗ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಎಂದು ನಮ್ಮ ಕಡೆ ತೋರಿಸುವ ಮರ್ಯಾದೆ ಅದು. ಅದರಲ್ಲಿ ಒಪ್ಪಿಗೆಯೂ ಇಲ್ಲ, ತೀರ್ಮಾನವೂ ಇಲ್ಲ. ಲೇಖನ ನಿಲ್ಲಿಸಿದೆ. ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಅಂದದ್ದಕ್ಕೆ ನಮ್ಮ ಸಂಸ್ಥೆಯ ನಿರ್ದೇಶಕರು ಮುಖ ಸಿಂಡರಿಸಿದರು.

ಅವರ ಮುಖ ಹೇಗಾದರೂ ಇರಲಿ. ನನ್ನ ತಲೆಯಲ್ಲಿ ಕೂತದ್ದು ಬೇರೆಯೇ ಹೂಂ. ಮೂರು ವರ್ಷದ ಹಿಂದೆ ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಲ್ಲಿ, ನಮ್ಮ ಸೋದರಮಾವ ಉಗ್ರಪ್ಪನ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಾಗ ನಾನು ಪರದೇಶದ ಸಮ್ಮೇಳನದಲ್ಲಿದ್ದೆ. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: ಈ ಕಾಯಿಲೆಯವನ ಜೊತೆ ಹುಡುಗಿಯ ಬಾಳು ಹಾಳಾಗುವುದು ಬೇಡ, ತವರಿಗೆ ಕಳಿಸಿಬಿಡೋಣ ಎಂದು ಮಾವ ಹೇಳಿದರು, ಸಿದ್ಧಾರ್ಥನೇ ಹೂಂ ಅಂದ. ಪಕ್ಕದ ಕೋಣೆಯಲ್ಲಿದ್ದ ನೀನು ಆ ಹೂಂ ಕೇಳಿಸಿಕೊಂಡೆ. ಗಂಡನೇ ಬೇಡ ಅಂದಮೇಲೆ ಇನ್ನೇನು ಎಂದು ಅವತ್ತೇ ಬಸ್ಸು ಹತ್ತಿದೆ. ಮುಂದಿನ ತಿಂಗಳು ಬೇಲೂರಿನ ಕೋರ್ಟಿನಲ್ಲಿ ನೀವಿಬ್ಬರೂ ನಿಂತು ವಿಚ್ಛೇದನಕ್ಕೆ ಒಪ್ಪಿಗೆ ಹೇಳಬೇಕಲ್ಲವೇ.

ಸಿದ್ಧಾರ್ಥ ಈಗ ಮಾತ್ರೆ ತಪ್ಪಿಸುವುದಿಲ್ಲ. ಪೇಟೆಯ ಸೈಕಲ್ ಅಂಗಡಿಯೊಂದರಲ್ಲಿ ಡೊಂಕಾದ ಚಕ್ರ ನೇರ ಮಾಡುತ್ತಾನೆ. ನಿನ್ನೆ ಅಲ್ಲಿಗೇ ಹೋಗಿ, ಅವತ್ತು ಮಾವನ ಮಾತಿಗೆ ಯಾಕೆ ಹೂಂ ಅಂದೆ ಎಂದು ಕೇಳಿದೆ. ಅವನು ಚಕ್ರ ತಿರುಗಿಸುತ್ತಲೇ ಇದ್ದ. ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡುವ ಚಟ ನನ್ನದು. ನಿನ್ನೆ ನೋಡಲಿಲ್ಲ.

"ಮಾವ ಮಾತಾಡ್ತಾ ಇತ್ತು, ನಾ ಕೇಳಿಸ್ಕಂತಾ ಇದ್ದೆ. ಮುಗುದ್ಮೇಲೆ ನಂದೂ ಹೇಳಾನ ಅಂತಿದ್ದೆ ಕಣಕ್ಕ. ಅಷ್ಟ್ರಲ್ಲಿ ಎಲ್ಲಾ ಎದ್ಬಿಟ್ರು," ಅಂದ.

ಏನು ಹೇಳಬೇಕೆಂದಿದ್ದೆ ಎಂದೆ.

"ಕಳಿಸ್ಬ್ಯಾಡಿ ಅಂತ."

ನನಗೆ ತುಂಬ ಸಂಕಟವಾಯಿತು, ಲತಾ. ಅಂಗಡಿಯವರ ಮುಂದೆ ಅಳಬಾರದೆಂದು ಏನೋ ನೆಪ ಹೇಳಿ ಮನೆಗೆ ಬಂದೆ.

ಇದನ್ನು ಓದಿ ನೀನು ಬರಲೇಬೇಕೆಂದಲ್ಲ. ಅವನ ಕಾಯಿಲೆ ಹೋಗಿಲ್ಲ, ಅದರ ಜೊತೆ ಒಂದೇ ಮನೆಯಲ್ಲಿ ಬಾಳುವುದು ಎಂಥದ್ದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿನಗೇ ಬೇಡವಾಗಿದ್ದರೆ ಧೈರ್ಯವಾಗಿ ಬೇಡ ಅನ್ನು, ಆಗಲೂ ನಾನು ನಿನಗೆ ಅಕ್ಕನೇ. ಆದರೆ ಅವನು ಬೇಡ ಅಂದ ಎಂಬ ಕಾರಣಕ್ಕೆ ಸಹಿ ಹಾಕಬೇಡ. ಅವನು ಹಾಗೆ ಅಂದೇ ಇಲ್ಲ. ಅಪ್ಪನಿಗೂ ಇದನ್ನೆಲ್ಲ ವಿವರಿಸಿದೆ. ಹೂಂ ಅಂದರು. ಒಪ್ಪಿದರೋ ಬರೀ ಕೇಳಿಸಿಕೊಂಡರೋ ತಿಳಿಯಲಿಲ್ಲ.

ಉತ್ತರ ಬರೆ, ಎರಡೇ ಸಾಲಾದರೂ ಸರಿ. ನಿನ್ನ ಮನಸ್ಸು ಯಾವ ಕಡೆ ನಿಂತರೂ ನಿನಗೆ ಒಳ್ಳೆಯದಾಗಲಿ. ಬೆಳಿಗ್ಗೆ ಬುದ್ಧನ ಮುಂದೆ ದೀಪ ಹಚ್ಚಿ ಎಲ್ಲರಿಗೂ ಒಳಿತಾಗಲಿ ಎನ್ನುವಾಗ ಅಮ್ಮ ನಿನ್ನ ಹೆಸರನ್ನು ಈಗಲೂ ಬಿಡುವುದಿಲ್ಲ.

ನಿನ್ನ
ಇಂದು ಅಕ್ಕ

ತಾ.ಕ.: ದನಿಗಳ ಬಗ್ಗೆ ನೀನು ಹಾಕಿದ್ದ ಪ್ರಶ್ನೆಯನ್ನೂ ಅವನಿಗೇ ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಎಲ್ರುದೂ ಬತ್ತದೆ ಕಣಕ್ಕ, ಅವಳ್ದೊಂದು ಬರಲ್ಲ. ಆದ್ರೂ ಯಾವ್ ದನಿ ಬಂದ್ರೂ ಮೊದ್ಲು ಹೂಂ ಅಂತೀನಿ. ಒಂದ್ವೇಳೆ ಅವಳೇ ಆಗಿದ್ರೆ, ನಂಗೆ ಕೇಳಿಸ್ಲಿಲ್ಲ ಅಂದ್ಕಂಡು ಹೊಂಟೋಗ್ಬಾರ್ದಲ್ಲ."